ಕಹಿ ಪಾನಕ, ದೊಡ್ಡಪ್ಪನ ನಿದ್ದೆ

ಆ ಮಧ್ಯಾಹ್ನವನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅದರ ಬೆಳಕು. ಕಾರ್ಖಾನೆಯ ಹೊಗೆ ಬಿಸಿಲಿನಲ್ಲಿ ಬೆರೆತು ಭದ್ರಾವತಿ ನ್ಯೂ ಟೌನಿನ ನಮ್ಮ ಕ್ವಾರ್ಟರ್ಸಿನ ಕಿಟಕಿಯಿಂದ ಒಳಗೆ ಬೀಳುತ್ತಿದ್ದ ಮಬ್ಬು ಹಳದಿ ಬೆಳಕು. ಅದರ ನಡುವೆ ಚಾಪೆಯ ಮೇಲೆ ಮಲಗಿದ್ದ ದೊಡ್ಡಪ್ಪ. ಅದು ರಾಮನವಮಿಯ ದಿನ ಎನ್ನುವುದು ಖಚಿತ. ಯಾವ ವರ್ಷ ಎಂದು ಕೇಳಿದರೆ ತಡವರಿಸುತ್ತೇನೆ. ಅರವತ್ತರ ದಶಕ ಶುರುವಾಗಿತ್ತು, ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಮನೆಯಲ್ಲಿದ್ದೆ. ದಿನಚರಿ ಬರೆಯುವ ಅಭ್ಯಾಸ ಆಗಲೇ ಇತ್ತಾದರೂ ಆ ದಿನದ ಪುಟದಲ್ಲಿ ‘ವಿಪರೀತ ಸೆಕೆ’ ಎಂದಷ್ಟೇ ಇದೆ. ಉಳಿದದ್ದೆಲ್ಲ ನೆನಪು. ನೆನಪು ತನಗೆ ಬೇಕಾದಲ್ಲಿ ಬಣ್ಣ ಹಚ್ಚುತ್ತದೆ ಎನ್ನುವುದು ನನಗೆ ಗೊತ್ತು.

ದೊಡ್ಡಪ್ಪನ ಮನೆ ಶಿವಮೊಗ್ಗದಲ್ಲಿ, ರಾಗಿಗುಡ್ಡದ ಕಡೆ. ಮೇಷ್ಟರಾಗಿದ್ದು ನಿವೃತ್ತರಾದವರು. ಕಿಡ್ನಿ ಸೋತಿದೆ ಎಂದು ಗೊತ್ತಾದ ಮೇಲೆ ಅಪ್ಪ ತಮ್ಮ ಅಣ್ಣನನ್ನು ನಮ್ಮಲ್ಲಿಗೇ ಕರೆತಂದಿದ್ದರು. ನಮ್ಮ ಬೀದಿಯ ಕೊನೆಯಲ್ಲೇ ಡಾಕ್ಟರ ಮನೆ ಇತ್ತು. ಊಟಕ್ಕೆ ಉಪ್ಪಿಲ್ಲ, ಕುಡಿಯುವ ನೀರಿಗೂ ಅಳತೆ. ನೀರಿನ ಲೋಟ ಕೈಗೆ ಕೊಟ್ಟರೆ ದೊಡ್ಡಪ್ಪ ತಕ್ಷಣ ಕುಡಿಯುತ್ತಿರಲಿಲ್ಲ. ಅದರ ತಂಪನ್ನು ಅಂಗೈಗೆ, ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತಿರುತ್ತಿದ್ದರು.

ಅದೇ ತಿಂಗಳು ಅಜ್ಜಿ, ಎಂದರೆ ಈ ಅಣ್ಣತಮ್ಮಂದಿರ ತಾಯಿ, ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಡಾಕ್ಟರು ಎಪ್ಸಂ ಸಾಲ್ಟ್ ಬರೆದುಕೊಟ್ಟರು. ಬೆಚ್ಚಗಿನ ನೀರಿನಲ್ಲಿ ಕರಗಿಸಿ ಪಾದ ಇಳಿಬಿಡಬೇಕು, ನೀರು ಸುಡಬಾರದು, ಗಾಯವಿದ್ದರೆ ಹಾಕಬಾರದು ಎಂದೆಲ್ಲ ಹೇಳಿದರು. ಅಪ್ಪ ಶಿವಮೊಗ್ಗದಿಂದ ದೊಡ್ಡ ಪೊಟ್ಟಣವನ್ನೇ ತಂದರು. ಬಣ್ಣವಿಲ್ಲದ ಸಣ್ಣ ಸಣ್ಣ ಹರಳು; ಕಿಟಕಿಯ ಹತ್ತಿರ ಹಿಡಿದರೆ ಹೊಳೆಯುತ್ತಿತ್ತು. ಪೊಟ್ಟಣದ ಮೇಲೆ ಹೆಸರಿನ ಚೀಟಿ ಅಂಟಿಸಿತ್ತು.

ಆ ಚೀಟಿ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಮಡಿ ಉಟ್ಟ ಅಜ್ಜಿ ಅಂಗಡಿಯ ಕಾಗದ ಮುಟ್ಟುವವಳಲ್ಲ. ಅಮ್ಮನಿಂದ ಹರಳನ್ನೆಲ್ಲ ತೊಳೆದೊಣಗಿಸಿದ ಪಿಂಗಾಣಿ ಭರಣಿಗೆ ಮೇಲಿನಿಂದ ಸುರಿಸಿಕೊಂಡಳು, ಕಾಗದ ಒಲೆಗೆ ಹೋಯಿತು. ಭರಣಿ ಅಡುಗೆಮನೆಯಲ್ಲಿದ್ದ ಅವಳ ಮಡಿ ಗೂಡಿನಲ್ಲಿ ಕೂತಿತು. ಪಕ್ಕದ ಭರಣಿಯಲ್ಲಿ ದೇವರಿಗೆಂದು ಕುಟ್ಟಿಟ್ಟ ಕಲ್ಲುಸಕ್ಕರೆ. ಎರಡು ಭರಣಿಗೂ ನೀಲಿ ಅಂಚು ಎಂದು ನನ್ನ ನೆನಪು. ಅಂಚೇ ಇರಲಿಲ್ಲ ಎಂದು ಅಮ್ಮ ವಾದಿಸುತ್ತಿದ್ದಳು.

ರಾಮನವಮಿಯ ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೋದ ಮೇಲೆ ಅಜ್ಜಿ ಕುಂಟಿಕೊಂಡೇ ಪಾನಕ ಮಾಡಿದಳು. ಬೆಲ್ಲ, ನಿಂಬೆರಸ, ಶುಂಠಿ, ಏಲಕ್ಕಿ. ಕೊನೆಗೆ ದೇವರ ಪಾಲು ಎಂದು ಕಲ್ಲುಸಕ್ಕರೆ, ಅದೂ ಹಬ್ಬವೆಂದು ಧಾರಾಳವಾಗಿ. ಅವಳ ಕಣ್ಣಿಗೆ ಪೊರೆ ಬಂದಿತ್ತು. ಮಡಿ ಗೂಡು ಇದ್ದದ್ದೇ ಕತ್ತಲ ಮೂಲೆಯಲ್ಲಿ. ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಆ ಪಾನಕ ಮೊದಲು ರಾಮನ ಮುಂದೆ ಹೋಯಿತು, ಆಮೇಲೆ ನಮ್ಮ ಲೋಟಗಳಿಗೆ ಬಂತು.

ಮೊದಲ ಗುಟುಕಿಗೇ ಅಮ್ಮನ ಹುಬ್ಬು ಗಂಟಾಯಿತು. “ಅತ್ತೆ, ನಿಂಬೆಬೀಜ ಏನಾದ್ರೂ ಸೇರಿತಾ? ಸ್ವಲ್ಪ ಕಹಿ ಇದೆ.”

“ನಾಲಿಗೆ ಕೆಟ್ಟಿದ್ರೆ ಎಲ್ಲಾ ಕಹಿನೇ,” ಅಂದಳು ಅಜ್ಜಿ. “ಪ್ರಸಾದಕ್ಕೆ ಮುಖ ಕಿವುಚಬಾರದು ಮಾರಾಯ್ತಿ, ಕಣ್ಣಿಗೊತ್ತಿಕೊಂಡು ಕುಡಿ.”

ಅಜ್ಜಿ ತನ್ನ ಪಾಲನ್ನು ಒಂದೇ ಏಟಿಗೆ ನುಂಗಿದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ; ಅಥವಾ ನಾನು ನೋಡಲಿಲ್ಲ. ನಾನೂ ಅಮ್ಮನೂ ಅರ್ಧ ಲೋಟಕ್ಕೆ ಸೋತೆವು. ಪ್ರಸಾದವನ್ನು ಚೆಲ್ಲುವಂತಿಲ್ಲ. ಆಗ ದೊಡ್ಡಪ್ಪ ಕೈಚಾಚಿ, “ಇಲ್ಲಿ ಕೊಡಿ, ನನಗೆ ಕಹಿಯಾದರೇನು? ಇವತ್ತಾದರೂ ಹೊಟ್ಟೆತುಂಬ ಕುಡೀತೀನಿ. ರಾಮನ ಹೆಸರು ಹೇಳಿದರೆ ಡಾಕ್ಟ್ರೂ ಸುಮ್ಮನಿರ್ತಾರೆ,” ಅಂದರು. ತಮ್ಮ ಲೋಟ, ನಮ್ಮ ಲೋಟಗಳು, ಪಾತ್ರೆಯಲ್ಲಿ ಉಳಿದದ್ದು, ಎಲ್ಲವನ್ನೂ ಕುಡಿದರು. ಗಂಟಲಲ್ಲಿ ನೀರು ಇಳಿಯುವಾಗ ಬಾಯಾರಿದವರ ಮುಖದಲ್ಲಿ ಮೂಡುವ ಆ ಶಾಂತಿಯನ್ನು ನೋಡಿ ನಮಗೂ ಖುಷಿಯಾಯಿತು.

ಊಟದ ನಂತರ ಮನೆ ಬೇರೆಯೇ ಆಯಿತು. ಮೊದಲು ಅಮ್ಮ ಹಿತ್ತಲಿನ ಕಡೆ ಓಡಿದಳು. ಅವಳು ಹೊರಬರುವ ಮೊದಲೇ ನಾನು ಬಾಗಿಲಲ್ಲಿದ್ದೆ. ನನ್ನ ಹಿಂದೆ ಗೋಡೆ ಹಿಡಿದುಕೊಂಡು ಅಜ್ಜಿ. “ಬೇಗ ಬಾರೇ, ಒಳಗೇನು ಸಂಸಾರ ಹೂಡಿದೀಯಾ?” ಎಂದು ಅವಳು ಕೂಗಿದ್ದು ಪಕ್ಕದ ಕ್ವಾರ್ಟರ್ಸಿನವರಿಗೂ ಕೇಳಿರಬೇಕು. ನಗುತ್ತ, ನರಳುತ್ತ, ಕೋಸಂಬರಿಯ ಬೇಳೆ ಹಳಸಿತ್ತೆಂದು ತೀರ್ಮಾನಿಸಿ, ಮೂವರೂ ತಂಪು ನೆಲದ ಮೇಲೆ ಉರುಳಿಕೊಂಡೆವು.

ದೊಡ್ಡಪ್ಪ ಎದ್ದೇ ಇರಲಿಲ್ಲ. ನಾವು ಓಡಾಡಿದಾಗಲೆಲ್ಲ ಅವರು ಅದೇ ಮಗ್ಗುಲಲ್ಲಿ ಮಲಗಿದ್ದರು. ಎಷ್ಟು ಹಾಯಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ಅಮ್ಮ ಪಿಸುಗುಟ್ಟಿದಳು. ನಿಜವಾಗಿಯೂ ಹಾಯಾಗಿತ್ತು. ಬೆಳಕು ಅವರ ಪಾದದಿಂದ ಮೊಣಕಾಲಿಗೆ ಮೆಲ್ಲಗೆ ಏರುತ್ತಿತ್ತು, ಫ್ಯಾಕ್ಟರಿಯ ಗುಂಯ್‌ಗುಟ್ಟುವಿಕೆ ದೂರದ ಹೊಳೆಯಂತೆ ಕೇಳುತ್ತಿತ್ತು. ಅವರ ಎದೆ ಏರುತ್ತಿತ್ತು, ನಿಲ್ಲುತ್ತಿತ್ತು, ಬಹಳ ಹೊತ್ತಿನ ಮೇಲೆ ಇಳಿಯುತ್ತಿತ್ತು. ನನಗೂ ಮಂಪರು ಹತ್ತಿತ್ತು. ಆ ಉಸಿರು ನಿಧಾನವಾಗಿದೆ ಎಂದು ಆಗಲೇ ಅನ್ನಿಸಿತೇ, ಮುಂದಾದದ್ದು ಗೊತ್ತಿರುವುದರಿಂದ ಈಗ ಹಾಗೆ ಕಾಣುತ್ತಿದೆಯೇ, ಹೇಳಲಾರೆ.

ಮಾತ್ರೆಯ ಹೊತ್ತಾಯಿತೆಂದು ಎಬ್ಬಿಸಲು ಹೋದ ಅಮ್ಮ “ಭಾವನವರೇ” ಎಂದು ಕರೆದಳು. ಅವರು ಕಣ್ಣು ತೆರೆಯಲು ನೋಡಿದರು; ರೆಪ್ಪೆ ಅರ್ಧಕ್ಕೆ ಬಂದು ಮುಚ್ಚಿಕೊಂಡಿತು. ಮಾತು ತೊದಲಿತು. ಕೈ ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯಂತೆ ಬಿತ್ತು. ಅಮ್ಮನ ಕಿರುಚಾಟಕ್ಕೆ ನಾನು ಎದ್ದು ಕೂತೆ. ನಮಗೆ ಭೇದಿ, ಇವರಿಗೆ ನಿದ್ದೆ, ಪಾನಕದ ಕಹಿ, ಇವೆಲ್ಲ ತಲೆಯಲ್ಲಿ ಒಟ್ಟಿಗೆ ಬಂದವು. ಮಡಿಯ ಮಾತನ್ನು ಮರೆತು ಗೂಡಿಗೆ ಕೈಹಾಕಿ, ಎರಡೂ ಭರಣಿಗಳಿಂದ ಒಂದೊಂದು ಹರಳನ್ನು ನಾಲಿಗೆಗೆ ಮುಟ್ಟಿಸಿದೆ. ಒದ್ದೆ ಚಮಚದ ಗುರುತಿದ್ದದ್ದು ಕಹಿಯ ಭರಣಿಯಲ್ಲಿ. ಅದನ್ನು ಹಿಡಿದುಕೊಂಡೇ ಡಾಕ್ಟರ ಮನೆಗೆ ಓಡಿದೆ. ಚಪ್ಪಲಿ ಹಾಕಿದ್ದೆನೋ ಇಲ್ಲವೋ, ನೆಲ ಸುಟ್ಟ ನೆನಪಿಲ್ಲ.

ಡಾಕ್ಟರು ಬಂದು ನಾಡಿ ಹಿಡಿದರು. ರಬ್ಬರಿನ ಪುಟ್ಟ ಸುತ್ತಿಗೆಯಿಂದ ದೊಡ್ಡಪ್ಪನ ಮೊಣಕಾಲಿನ ಕೆಳಗೆ ತಟ್ಟಿದರು. ಕಾಲು ಅಲುಗಲಿಲ್ಲ.

“ಎಷ್ಟು ಕುಡಿದ್ರು?”

“ಉಳಿದದ್ದೆಲ್ಲಾ ಅವರೇ ಕುಡಿದ್ರು,” ಅಂದೆ.

“ಇದು ವಿಷ ಅಲ್ಲಮ್ಮ, ಕುಡಿದ್ರೆ ಭೇದಿ ಮಾಡಿಸೋ ಉಪ್ಪು. ನಿಮಗೆಲ್ಲ ಹೊಟ್ಟೆ ಜಾಡಿಸಿ ಹೊರಗೆ ಹೋಯ್ತು. ಒಳಗೆ ಸೇರಿದ ಚೂರುಪಾರನ್ನ ಕಿಡ್ನಿ ಸೋಸಿಹಾಕುತ್ತೆ. ಇವರ ಕಿಡ್ನಿಗೆ ಆ ಶಕ್ತಿ ಇಲ್ಲ, ರಕ್ತದಲ್ಲೇ ನಿಂತಿದೆ. ನರ ಮಲಗಿಬಿಡುತ್ತೆ, ಆಮೇಲೆ ಉಸಿರು.” ಮಾತಾಡುತ್ತಲೇ ಸಿರಿಂಜು ಸಿದ್ಧಮಾಡಿಕೊಂಡು, ಇದಕ್ಕೆ ಮದ್ದು ಕ್ಯಾಲ್ಸಿಯಂ ಎಂದು ಹೇಳಿ, ತೋಳಿನ ರಕ್ತನಾಳಕ್ಕೆ ಬಹಳ ನಿಧಾನವಾಗಿ ಏರಿಸಿದರು. “ಔಷಧಿನ ಅಡುಗೆಮನೇಲಿ ಯಾಕಿಟ್ರಿ? ಹೆಸರಿಲ್ಲದ ಭರಣೀಲಿ ಬೇರೆ?”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ನಾನೇ ಹಾಕಿದ್ದು ಡಾಕ್ಟ್ರೇ. ಅವನು ಉಳೀತಾನೋ ಇಲ್ವೋ, ಅಷ್ಟು ಹೇಳಿ,” ಅಂದಳು.

ಡಾಕ್ಟರು ಮತ್ತೆ ಮೊಣಕಾಲಿಗೆ ತಟ್ಟಿದರು. ಪಾದ ಸ್ವಲ್ಪ ಅದುರಿತು. ಎಲೆಯೊಂದು ಗಾಳಿಗೆ ಅಲುಗಿದಷ್ಟು. ದೊಡ್ಡಪ್ಪ ಕಣ್ಣು ತೆರೆದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, “ಯಾಕೆ ಎಬ್ಬಿಸಿದ್ರಿ? ಎಷ್ಟು ಚೆನ್ನಾಗಿತ್ತು. ನೀರೊಳಗೆ ಮಲಗಿದ ಹಾಗಿತ್ತು, ಬಾಯಾರಿಕೆನೇ ಇರಲಿಲ್ಲ,” ಅಂದರು. ಅವರು ಆಡಿದ್ದು ಇದೇ ಮಾತು ಎನ್ನುವ ಒಂದು ವಿಷಯದಲ್ಲಿ ನಾನೂ ಅಮ್ಮನೂ ಕೊನೆಯವರೆಗೂ ಒಪ್ಪಿಕೊಂಡಿದ್ದೆವು.

“ಚೆನ್ನಾಗಿತ್ತಂತೆ! ಬಾಯಿ ಮುಚ್ಚೋ,” ಎಂದು ಅಜ್ಜಿ ಅರುವತ್ತು ದಾಟಿದ ಮಗನ ಭುಜಕ್ಕೆ ಹೊಡೆದಳು.

ಆಂಬುಲೆನ್ಸಿಗೆ ಹೇಳಿಕಳಿಸುತ್ತೇನೆ, ಇಂಜೆಕ್ಷನ್ನಿನ ಪ್ರಭಾವ ಇಳಿದರೆ ಮಂಪರು ಮರಳಬಹುದು, ಗಾಡಿ ಬರುವವರೆಗೆ ಮಾತಾಡಿಸುತ್ತಲೇ ಇರಿ ಎಂದು ಡಾಕ್ಟರು ಹೊರಗೆ ಹೋದರು. ಅಜ್ಜಿ ಉಳುಕಿದ ಕಾಲು ಚಾಚಿ ಮಗನ ತಲೆಯ ಹತ್ತಿರ ಕೂತಳು. ಹೊಳೆಹೊನ್ನೂರಿನ ತನ್ನ ತವರು, ಸಂತೆಗೆ ಹೋಗುವಾಗ ಗಾಡಿಯ ಕೀಲು ಕಳಚಿದ್ದು, ಕಟ್ಟಿದ ಹಗ್ಗ ಬಿಚ್ಚಿಕೊಂಡು ಪಕ್ಕದವರ ತೋಟ ಮೇದ ಎಮ್ಮೆ, ಯಾರದೋ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದದ್ದು, ಎಲ್ಲವನ್ನೂ ಹಿಂದುಮುಂದಿಲ್ಲದೆ ಹೇಳುತ್ತ ಹೋದಳು. ಪ್ರತಿ ಮಾತಿನ ಕೊನೆಗೂ “ಹೂಂ ಅನ್ನೋ,” ಎನ್ನುತ್ತಿದ್ದಳು. ದೊಡ್ಡಪ್ಪ “ಹೂಂ” ಎನ್ನುತ್ತಿದ್ದರು. ಒಮ್ಮೆ ಹೂಂ ಬರುವುದು ತಡವಾಯಿತು. ಅಜ್ಜಿಯ ಮಾತು ಎಮ್ಮೆಯ ನಡುವೆಯೇ ನಿಂತಿತು.

“ಎಮ್ಮೆ ಸಿಕ್ಕಿತಾ?” ಅಂದರು ದೊಡ್ಡಪ್ಪ, ಕಣ್ಣು ಮುಚ್ಚಿಕೊಂಡೇ.