ಅನ್‌ಲಿಮಿಟೆಡ್ ಬಾಡೂಟ

‘ಅನ್‌ಲಿಮಿಟೆಡ್’ ಎಂಬ ಪದ ಕಂಡರೆ ನನಗೆ ಮೊದಲಿನಿಂದಲೂ ಒಂದು ಚಪಲ. ಹೋಟೆಲಿನ ಬೋರ್ಡಿನ ಮೇಲೆ ಅದು ಕಂಡರೆ ಹಸಿವಿಲ್ಲದಿದ್ದರೂ ಒಳಗೆ ಹೋಗಿ ಕೂರುತ್ತೇನೆ. ಮೊಬೈಲಿನವರು ‘ಅನ್‌ಲಿಮಿಟೆಡ್ ಕಾಲ್’ ಎಂದರೆ, ಮಾತಾಡಲು ಯಾರೂ ಇಲ್ಲದಿದ್ದರೂ ಹಾಕಿಸಿಕೊಳ್ಳುತ್ತೇನೆ. ಹೊಸಕೋಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನಾದ್ದರಿಂದ ಇದನ್ನು ಭಾಷಾಪ್ರೇಮ ಎಂದು ಕರೆದುಕೊಳ್ಳುತ್ತೇನೆ. ನನ್ನ ಹೆಂಡತಿ ಬೇರೆ ಹೆಸರು ಇಟ್ಟಿದ್ದಾಳೆ.

ಪದದ ಮಹಿಮೆಯೆಲ್ಲ ಮುಂದಿರುವ ‘ಅನ್’ನಲ್ಲಿದೆ. ಇರುವ ಬೇಲಿಯನ್ನು ಅದು ಬಂದು ಕಿತ್ತುಹಾಕುತ್ತದೆ. ನಮ್ಮ ಅಪಾರ, ಅನಂತ, ಅಮಿತಗಳೂ ಇದೇ ಉಪಾಯದಿಂದ ಹುಟ್ಟಿದವು. ಆದರೆ ಅವನ್ನು ನಾವು ದೇವರಿಗೂ ಆಕಾಶಕ್ಕೂ ಬಿಟ್ಟುಕೊಟ್ಟೆವು. ‘ಅನಂತ ಸಾರು’ ಎಂದು ಯಾರೂ ಬೋರ್ಡ್ ಬರೆಸುವುದಿಲ್ಲ. ಇಂಗ್ಲಿಷಿನದು ಮಾತ್ರ ಬಿಗುಮಾನ ಬಿಟ್ಟು ಸಾರಿನ ಬಕೆಟ್ಟಿನವರೆಗೂ ಇಳಿದು ಬಂತು.

ಹಾಗಾಗಿ ತಂಗಿಯ ಮದುವೆ ಮುಗಿದು, ಹೊಸಕೋಟೆ ಕಡೆಯ ವಿಜಯಪುರದ ಹತ್ತಿರದ ನಮ್ಮೂರಿನಲ್ಲಿ ಬೀಗರ ಊಟ ಎಂದಾಗ, ‘ಅನ್‌ಲಿಮಿಟೆಡ್ ಬಾಡೂಟ’ ಎಂದು ಹಾಕಿಕೊಂಡಿದ್ದ ಬೆಂಗಳೂರಿನ ಕೇಟರಿಂಗ್‌ನವರನ್ನೇ ಗೊತ್ತು ಮಾಡಿದೆ. ಅವ್ವನಿಗೆ ಒಂದೇ ಚಿಂತೆ. ಬೀಗರು ಅರೆಹೊಟ್ಟೆಯಲ್ಲಿ ಎದ್ದರೆ ಆ ಮಾತು ಮಗಳಿಗಿಂತ ಮುಂಚೆ ಅವಳ ಗಂಡನ ಮನೆ ಸೇರುತ್ತದೆ.

“ಅನ್‌ಲಿಮಿಟೆಡ್ ಕಣವ್ವ, ಯೋಚ್ನೆ ಬಿಡು” ಎಂದೆ.

ಪಂಕ್ತಿ ಕೂತಿತು. ಒಂದು ಸುತ್ತು ಬಡಿಸಿದ ಮೇಲೆ, ಕೈಗವಸು ತೊಟ್ಟ ಕೇಟರಿಂಗಿನವನು ಬಂದು “ಇನ್ನೊಂದು ಮುದ್ದೆ ಬೇಕಾ ಮೇಡಂ?” ಎಂದು ಬಲು ಮರ್ಯಾದೆಯಿಂದ ಕೇಳಿದ. ತಂಗಿಯ ಅತ್ತೆ ಎಲೆಗೆ ಕೈ ಅಡ್ಡ ಹಿಡಿದು “ಸಾಕು ಸಾಕು” ಎಂದರು. ನಮ್ಮ ಕಡೆ ಹಾಗೆಂದರೆ ಊಟ ಚೆನ್ನಾಗಿದೆ, ಸ್ವಲ್ಪ ಬಲವಂತ ಮಾಡಿ ಎಂದು. ಅವನು “ಓಕೆ ಮೇಡಂ” ಎಂದು ಮುಂದೆ ಹೋದ. ಪಕ್ಕದವರೂ ಬೇಡವೆಂದರು, ಅವರಿಗೂ ಓಕೆ. ಕೊಪ್ಪರಿಗೆಯ ತುಂಬ ಸಾರು, ಎಲೆಗಳು ಖಾಲಿ. ಕೇಳಿದವರಿಗೆ ಎಷ್ಟು ಬೇಕಾದರೂ ಇದೆ ಸ್ವಾಮಿ, ಆದರೆ ಬೀಗರು ಎಲ್ಲಾದರೂ ಬಾಯಿಬಿಟ್ಟು ಕೇಳುತ್ತಾರೆಯೇ?

ಪಂಕ್ತಿಯ ತುದಿಯಲ್ಲಿ ನಿಂತಿದ್ದ ಅವ್ವ ನನ್ನತ್ತ ತಿರುಗಿದಳು.

“ಏನ್ಲಾ ನಿಂತ್ಕಂಡು ನೋಡ್ತೀಯ? ಎದ್ದೋಯ್ತಾರೆ!” ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿ ಸಾರಿನ ಬಕೆಟ್ ಕಿತ್ತುಕೊಂಡರು. ನಾನು ಮುದ್ದೆಯ ತಟ್ಟೆಗೆ ಕೈ ಹಾಕಿದೆ. ತಂಗಿಯ ಅತ್ತೆ ಮತ್ತೆ ಕೈ ಅಡ್ಡ ತಂದರು. ಕೈಸಂದಿಯಲ್ಲೇ ಮುದ್ದೆ ಇಳಿಸಿದೆ.

“ಅಯ್ಯೋ, ಸಾಯಿಸ್ತೀಯೇನಪ್ಪಾ!” ಎಂದರು. ಮುಖ ಅರಳಿತ್ತು.

ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ. ಒಬ್ಬ ಬೀಗರು ಎಲೆಯ ಮೇಲೆ ಬಗ್ಗಿ ಎರಡೂ ಕೈ ಚಾಚಿದರು. ದೊಡ್ಡಮ್ಮ ಪಕ್ಕದಿಂದ ನುಗ್ಗಿ ಸಾರು ಬಿಟ್ಟರು. ಹಬೆಗೆ ನನ್ನ ಕನ್ನಡಕ ಮಂಜಾಯಿತು, ಯಾರ ಎಲೆಗೆ ಏನು ಹಾಕಿದೆನೋ ತಿಳಿಯದು. ಎಲ್ಲರೂ ಬೇಡ ಬೇಡವೆಂದು ಕೂಗುತ್ತ ಹೊಟ್ಟೆ ತುಂಬ ತಿಂದರು.

“ಸರ್, ಅವ್ರು ಬೇಡ ಅಂತಿದಾರೆ!” ಎಂದು ಕೈಗವಸಿನವನು ಗಾಬರಿಯಾದ.

“ಅದಕ್ಕೇ ಹಾಕ್ತಿರೋದು ಗುರು!” ಎಂದೆ.

ಪೇಟೆಯ ಅನ್‌ಲಿಮಿಟೆಡ್‌ನಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ, ನಮ್ಮದರಲ್ಲಿ ಯಾರೂ ಬಿಡುವುದಿಲ್ಲ. ನಿಘಂಟಿನವರು ಒಮ್ಮೆ ನಮ್ಮ ಪಂಕ್ತಿಗೆ ಬಂದು ಕೂತರೆ ಒಳ್ಳೆಯದು.

ಅಷ್ಟರಲ್ಲಿ ತಂಗಿಯ ಅತ್ತೆ ದೊಡ್ಡಮ್ಮನನ್ನು ತಡೆದು, ಬಕೆಟ್ಟಿನಲ್ಲಿದ್ದ ಮಜ್ಜೆ ತುಂಬಿದ ತುಂಡೊಂದನ್ನು ತೋರಿಸಿ, “ಆ ನಲ್ಲಿಮೂಳೆ ನನ್ ಸೊಸೆಗೆ ಹಾಕಿ” ಎಂದರು. ಪಕ್ಕದಲ್ಲಿ ಕೂತಿದ್ದ ತಂಗಿ “ಸಾಕು ಅತ್ತೆ” ಎಂದು ಕೈ ಅಡ್ಡ ಹಿಡಿದಳು. ಅವರು ಆ ಕೈಯನ್ನು ಮೆಲ್ಲಗೆ ಸರಿಸಿ, “ನೀವು ಹಾಕಿ” ಎಂದರು.

ಬೆಳಗಿನಿಂದ ನಿಂತೇ ಇದ್ದ ಅವ್ವ ಆಗ ಕೂತಳು.