ಅಶ್ವತ್ಥಪ್ಪ ಮೇಷ್ಟ್ರ ರೆಕ್ಕೆ, ನನ್ನ ಅಂಟು

ಯಾವ ಅಂಟು ಕೈಗೆ ಸಿಕ್ಕರೂ ಅಶ್ವತ್ಥಪ್ಪ ಮೇಷ್ಟ್ರು ಮೊದಲು ಮೂಸುತ್ತಿದ್ದರು. ಕಣ್ಣು ಮುಚ್ಚಿ, ತುಪ್ಪ ಕೊಳ್ಳುವವರ ಹಾಗೆ. ಆಮೇಲೆ ಜೇಬಿನಿಂದ ಥರ್ಮೋಕೋಲಿನ ಚೂರೊಂದನ್ನು ತೆಗೆದು, ಒಂದು ಹನಿ ಬಿಟ್ಟು ಕಾಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಹೋದಾಗ ಅವರು ಅಲ್ಲಿ ಕ್ರಾಫ್ಟ್ ಕಲಿಸುತ್ತಿದ್ದರು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಅವರಿಗಿದ್ದ ಹುಚ್ಚು ಒಂದೇ: ಎಂಜಿನ್ ಇಲ್ಲದ, ದಾರ ಕಟ್ಟಿ ಓಡಿ ಏರಿಸುವ ಮಾದರಿ ವಿಮಾನ.

ರೇಡಿಯೊ ಪೆಟ್ಟಿಗೆಯೊಳಗೆ ಬರುವ ಥರ್ಮೋಕೋಲನ್ನು ಕಾದ ತಂತಿಯಿಂದ ರೆಕ್ಕೆಯಾಕಾರಕ್ಕೆ ಕೊಯ್ದು, ಮೇಲೆ ಕೆಳಗೆ ಬಾಲ್ಸಾ ಎಂಬ ಹಗುರ ಮರದ ತೆಳ್ಳನೆಯ ಹಾಳೆ ಅಂಟಿಸುತ್ತಿದ್ದರು. ತಲೆನೋವೆಲ್ಲ ಅಂಟಿನದು.

"ಸರೇಸಿನ ಅಂಟು ಭಾರ ಕಣಪ್ಪ. ಮೈದಾ ಅಂಟು ಹಾಳೇನ ಮುದುರಿಸತ್ತೆ. ಸೈಕಲ್ ಷಾಪಿನ ಪಂಕ್ಚರ್ ಸಲ್ಯೂಷನ್ ಅಂತೂ ಥರ್ಮೋಕೋಲನ್ನ ತಿಂದೇ ಹಾಕತ್ತೆ. ಬಡಗಿಗಳ ಬಿಳಿ ಅಂಟೇ ಸರಿ. ಹಳೇ ಪೋಸ್ಟ್‌ಕಾರ್ಡಲ್ಲಿ ತೆಳ್ಳಗೆ ಎಳೀಬೇಕು, ಇಟ್ಟಿಗೆ ಹೇರಿ ಎರಡು ದಿನ ಬಿಡಬೇಕು. ತೊಂದರಪಡೊದ್ದು, ಆತುರ ಬೇಡ."

ಬುದ್ಧಿ ಹೇಳುವಾಗ ಅವರ ಬಾಯಲ್ಲಿ ತೆಲುಗು ತಾನಾಗಿ ಬರುತ್ತಿತ್ತು.

ಆ ವರ್ಷ ಕೋಲಾರದಲ್ಲಿ ಶಾಲೆಗಳ ವಸ್ತುಪ್ರದರ್ಶನವಿತ್ತು. ಆರಡಿ ರೆಕ್ಕೆಗೆ ಮೇಲಿನ ಹಾಳೆ ಅಂಟಿಸಿ, ಕೆಳಗಿನದನ್ನು ನನಗೆ ವಹಿಸಿ, ಮಗಳಿಗೆ ಹುಷಾರಿಲ್ಲವೆಂದು ಮೇಷ್ಟ್ರು ಶ್ರೀನಿವಾಸಪುರಕ್ಕೆ ಹೋದರು. "ಇವತ್ತೇ ಅಂಟಿಸಿಬಿಡು" ಅಂತಲೂ ಹೇಳಿದ್ದರು. ನಾನು ಅದನ್ನು ಬಿಟ್ಟು ಟೇಕಲ್‌ನಲ್ಲಿದ್ದ ಸ್ನೇಹಿತನ ಮದುವೆಗೆ ಹೋದೆ. ವಾಪಸು ಬಂದಾಗ ಪ್ರದರ್ಶನಕ್ಕೆ ಒಂದೇ ದಿನ. ಸೈಕಲ್ ಷಾಪಿನಿಂದ ಸಲ್ಯೂಷನ್ ತಂದೆ. ತೆಳ್ಳಗೆ ಸವರಿ ಗಾಳಿಗೆ ಬಿಟ್ಟು ಅಂಟಿಸಿದರೆ ಏನೂ ಆಗದೆಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮೇಲೆ ವಾರ್ನಿಷ್ ಬಳಿದೆ. ಮೇಷ್ಟ್ರು ನೇರ ಕೋಲಾರಕ್ಕೇ ಬಂದವರು ರೆಕ್ಕೆಯ ಮೇಲೆ ಕೈಯಾಡಿಸಿ, "ಭೇಷ್, ಎಷ್ಟು ನುಣ್ಣಗೆ ಕೂತಿದೆ!" ಎಂದರು. ವಾರ್ನಿಷ್ ವಾಸನೆಯಲ್ಲಿ ಬೇರೇನೂ ತಿಳಿಯುವಂತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ದಾರ ಹಿಡಿದು ಮೈದಾನದಲ್ಲಿ ಓಡಿದವನೂ ನಾನೇ. ವಿಮಾನ ತೆಂಗಿನ ಮರದೆತ್ತರಕ್ಕೆ ಏರಿತು. ಮಕ್ಕಳು ಕೂಗಿದರು. ಅಷ್ಟರಲ್ಲಿ ಟಪ್ ಎಂದು ರೆಕ್ಕೆ ನಡುವಿಗೇ ಮಡಚಿಕೊಂಡು ಬಿತ್ತು. ಮೇಷ್ಟ್ರು ತುಂಡನ್ನು ಎತ್ತಿದರು. ಹಾಳೆಯಡಿ ಥರ್ಮೋಕೋಲ್ ಗೆದ್ದಲು ತಿಂದಂತೆ ಪೊಳ್ಳಾಗಿತ್ತು. ಮೂಸಿದರು. ನನ್ನನ್ನೊಮ್ಮೆ ನೋಡಿದರು.

"ಏನ್ರೀ ಮೇಷ್ಟ್ರೇ, ಇಷ್ಟೇನಾ?" ಎಂದು ಪ್ರದರ್ಶನ ನೋಡಲು ಬಂದಿದ್ದ ಅಧಿಕಾರಿಯೊಬ್ಬರು ನಕ್ಕರು.

"ತಪ್ಪು ನಂದೇ ಸಾರ್. ಅಂಟಿನ ವಿಷಯದಲ್ಲಿ ಎಡವಟ್ಟು ಮಾಡ್ಕೊಂಡೆ" ಎಂದರು ಅಶ್ವತ್ಥಪ್ಪ ಮೇಷ್ಟ್ರು.

ಬಸ್ಸಿನಲ್ಲಿ ಅಕ್ಕಪಕ್ಕವೇ ಕೂತು ಬಂದೆವು. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಅವರು ವಿಮಾನದ ಕೆಲಸಕ್ಕೆ ಕೈ ಹಾಕಲಿಲ್ಲ. ನಿವೃತ್ತರಾಗಿ ಮಗಳ ಊರಿಗೆ ಹೊರಟುಹೋದರು.

ಐದಾರು ವರ್ಷಗಳ ಮೇಲೆ, ಒಂದು ಮಾವಿನ ಕಾಲದಲ್ಲಿ, ಶ್ರೀನಿವಾಸಪುರಕ್ಕೆ ಹೋಗಿ ಅವರನ್ನು ಕಂಡೆ. ಅಳಿಯನ ಮಾವಿನ ಮಂಡಿಯಲ್ಲಿ ಹಣ್ಣಿನ ಪೆಟ್ಟಿಗೆಗಳ ನಡುವೆ ಕೂತಿದ್ದರು. ಬಲಗೈ ನಡುಗುತ್ತಿತ್ತು.

"ಸಾರ್, ಅವತ್ತು ಆ ರೆಕ್ಕೆ..." ಎಂದು ಶುರುಮಾಡಿದೆ.

"ಗೊತ್ತು ಕಣಪ್ಪ" ಎಂದರು. ಪಕ್ಕದ ಪೆಟ್ಟಿಗೆ ಸರಿಸಿ ನನಗೆ ಜಾಗ ಮಾಡಿಕೊಟ್ಟು, "ಅವತ್ತೇ ಬಂದು ಹೇಳಿದ್ದಿದ್ರೆ ಇಬ್ರೂ ಸೇರಿ ಇನ್ನೊಂದು ಮಾಡಬಹುದಾಗಿತ್ತು. ನೀನು ಬರ್ತೀಯ ಅಂತ ರಿಟೈರ್ ಆಗೋವರೆಗೂ ಕಾಯ್ತಾನೇ ಇದ್ದೆ" ಎಂದರು.

ಈಗಲೂ ಮಾಡೋಣ ಸಾರ್ ಎನ್ನಲು ಹೊರಟವನು ಆ ಕೈ ನೋಡಿ ಮಾವಿನ ಬೆಲೆಯ ಮಾತು ತೆಗೆದೆ. ಮುಂದಿನ ಮಾವಿನ ಕಾಲಕ್ಕೆ ಅವರಿರಲಿಲ್ಲ.