ಬಸ್ಸಿನಲ್ಲಿ ಅತ್ತ ವಿಜ್ಞಾನದ ಟೀಚರು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರುವ ಬಸ್ಸಿನಲ್ಲಿ ಮೊಬೈಲ್ ಹಿಡಿದು ಬಿಕ್ಕುತ್ತಿದ್ದೆ. ಪಕ್ಕದ ಸೀಟಿನ ಅಜ್ಜಿ ಬೆನ್ನು ಸವರಿ, ‘ಯಾರವ್ವಾ ಓಗ್ಬುಟ್ರು?’ ಎಂದರು. ಮೊಬೈಲಿನಲ್ಲಿ ನೋಡುತ್ತಿದ್ದ, ದಶಕಗಳಿಂದ ನಡೆಯುತ್ತಿರುವ ಬ್ರಿಟನ್ನಿನ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ನಾಯಕ ಆಗಷ್ಟೇ ಸತ್ತಿದ್ದ. ಐವತ್ತು ದಾಟಿದ ವಿಜ್ಞಾನದ ಟೀಚರು ನಾನು, ಅದನ್ನು ಹೇಗೆ ಹೇಳುವುದು? ಅಷ್ಟರಲ್ಲಿ ಅಜ್ಜಿ ಕಂಡಕ್ಟರನ್ನು ಕರೆದರು. ‘ಈವಮ್ಮನ ಮನೇಲಿ ಸಾವಾಗದೆ ಕಣಪ್ಪ, ಬಿರ್‍ನೆ ಓಡ್ಸಕ್ಕೆ ಯೋಳು.’

ಇಡೀ ಬಸ್ಸು ನನ್ನತ್ತ ತಿರುಗಿತು. ನಾಚಿಕೆಯಿಂದ ನಿಜ ಹೇಳಿದೆ. ಸತ್ತಾಗಲೆಲ್ಲ ಹೊಸ ನಟನ ರೂಪದಲ್ಲಿ ಮತ್ತೆ ಹುಟ್ಟುವ ಅವನು ಮುಂದಿನ ಕಂತಿನಲ್ಲಿ ಬೇರೆ ಮುಖ ಹೊತ್ತು ಬರುತ್ತಾನೆಂದೂ ಹೇಳಿದೆ. ಅಜ್ಜಿ ನಗಲಿಲ್ಲ. ‘ಬತ್ತನಲ್ಲ, ಇನ್ಯಾಕಳ್ತೀಯೆ? ಮೊಕ ಬ್ಯಾರೆ ಆದ್ರೇನು, ಬಂದೋನ್ನ ಮಾತಾಡ್ಸು’ ಎಂದು ತೆರಕಣಾಂಬಿಯಲ್ಲಿ ಇಳಿದುಹೋದರು.

ಇನ್ನು ಆ ಧಾರಾವಾಹಿಯೇ ಬೇಡ ಎಂದುಕೊಂಡಿದ್ದವಳು ಚಾಮರಾಜನಗರ ಬರುವಷ್ಟರಲ್ಲಿ ಹೊಸಬನ ಅರ್ಧ ಕಂತು ಮುಗಿಸಿದ್ದೆ. ಇದಾಗಿ ಕೆಲವು ವರ್ಷಗಳಾದವು; ಈಗ ಆ ಹೊಸಬನೂ ಸತ್ತುಹೋಗುವ ಕಂತು ಹತ್ತಿರವಾಗಿದೆ. ಆ ಕಂತನ್ನು ಮಾತ್ರ ಮನೆಯಲ್ಲೇ ನೋಡುತ್ತೇನೆ.